ತೆರಿಗೆ ಕಡಿಮೆ ಕಟ್ಟಿ ಪೋರ್ಟ್‌ಫೋಲಿಯೋ ರೀಬ್ಯಾಲೆನ್ಸ್ ಮಾಡುವುದು ಹೇಗೆ?

2020ರ ಮಾರ್ಚ್ 23ರಂದು ಷೇರು ಸೂಚ್ಯಂಕ ನಿಫ್ಟಿ 7,610ಕ್ಕೆ ಇಳಿದಿತ್ತು. ಆಗ ಹೆದರದೆ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಮುಂದುವರಿಸಿದವರ ಈಕ್ವಿಟಿ, ಅಂದರೆ ಷೇರಿನ ಹೂಡಿಕೆ, ಆಮೇಲೆ ಚೆನ್ನಾಗಿಯೇ ಬೆಳೆಯಿತು. ಒಟ್ಟು ಹೂಡಿಕೆಯಲ್ಲಿ ಅದು ಶೇ 60 ಇರಲಿ ಅಂದುಕೊಂಡಿದ್ದು ಸದ್ದಿಲ್ಲದೆ 68, 70 ಆಗಿರುತ್ತದೆ. 2025ರಲ್ಲಿ ಚಿನ್ನ 10 ಗ್ರಾಂಗೆ ಒಂದು ಲಕ್ಷ ದಾಟಿದ ಮೇಲೆ ಅದರ ಪಾಲೂ ಹಿಗ್ಗಿರುತ್ತದೆ. ಈ ಪಾಲುಗಳನ್ನು ಮತ್ತೆ ಮೊದಲಿನ ಗುರಿಗೆ ತರುವುದೇ ರೀಬ್ಯಾಲೆನ್ಸ್. ಇದನ್ನು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಕೈ ಹಾಕುವವರು ಕಡಿಮೆ. ಕೇಳಿದರೆ ಬರುವ ಉತ್ತರ ಒಂದೇ: "ಮಾರಿದರೆ ಟ್ಯಾಕ್ಸ್ ಬೀಳುತ್ತಲ್ವಾ?"

ಬೀಳುತ್ತದೆ, ನಿಜ. ಆದರೆ ಎಷ್ಟು ಬೀಳುತ್ತದೆ ಅನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಏನನ್ನು, ಯಾವಾಗ, ಯಾವ ಫೋಲಿಯೋದಿಂದ (ಫಂಡ್ ಖಾತೆಯಿಂದ) ಮಾರುತ್ತೀವಿ ಅನ್ನುವುದರ ಮೇಲೆ ಅದು ನಿಂತಿದೆ. ಎಷ್ಟೋ ಸಲ ಮಾರುವ ಅಗತ್ಯವೇ ಬರುವುದಿಲ್ಲ. ರೀಬ್ಯಾಲೆನ್ಸ್ ಮಾಡುವುದು ರಿಸ್ಕ್ ತಗ್ಗಿಸಲು. ತೆರಿಗೆ ನೋಡುವುದು ಯಾವುದು ಮೊದಲು, ಯಾವುದು ಆಮೇಲೆ ಅಂತ ತೀರ್ಮಾನಿಸಲು ಮಾತ್ರ. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಕೆಲವು ಸಾವಿರ ತೆರಿಗೆ ಉಳಿಸಲು ಹೋಗಿ, ಮುಂದಿನ ಕುಸಿತದಲ್ಲಿ ಲಕ್ಷಗಳನ್ನು ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ.

ಇಲ್ಲಿರುವ ದರಗಳು 2024ರ ಜುಲೈ 23ರ ನಂತರದ ಮಾರಾಟಕ್ಕೆ ಅನ್ವಯಿಸುವವು. ಭಾರತದಲ್ಲೇ ವಾಸವಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಮ್ಯೂಚುವಲ್ ಫಂಡ್‌ಗಳಿಗೆ, ಅವುಗಳ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟಿನಿಂದ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ಪ್ಯಾನ್ ಮತ್ತು ಇಮೇಲ್ ಕೊಟ್ಟರೆ ಸಾಕು. ಷೇರು, ಇಟಿಎಫ್‌ಗಳಿಗೆ (ಷೇರಿನಂತೆ ಕೊಂಡು ಮಾರುವ ಫಂಡ್) ಡಿಮ್ಯಾಟ್ ಸ್ಟೇಟ್‌ಮೆಂಟ್. ಇದರ ಜೊತೆ ಪಿಎಫ್ ಪಾಸ್‌ಬುಕ್, ಪಿಪಿಎಫ್, ಎನ್‌ಪಿಎಸ್ (ಪಿಂಚಣಿ ಯೋಜನೆ), ಎಫ್‌ಡಿ.

ಪಿಎಫ್ ಮತ್ತು ಪಿಪಿಎಫ್ ಬಿಟ್ಟು ಲೆಕ್ಕ ಹಾಕುವವರೇ ಜಾಸ್ತಿ. ಹಾಗೆ ಮಾಡಬೇಡಿ. ಅವೆರಡೂ ಡೆಟ್, ಅಂದರೆ ಬಡ್ಡಿ ಬರುವ ಹೂಡಿಕೆ. ಹತ್ತು ಹದಿನೈದು ವರ್ಷ ಕೆಲಸ ಮಾಡಿದವರ ಪಿಎಫ್ ಸಣ್ಣ ಮೊತ್ತವೇನಲ್ಲ. ಅದನ್ನು ಸೇರಿಸಿದ ಮೇಲೆ "ನನ್ನದು ಈಕ್ವಿಟಿ ತುಂಬಾ ಆಯ್ತು" ಅನ್ನುವ ಚಿಂತೆಯೇ ಕೆಲವರಿಗೆ ಹೋಗಿಬಿಡುತ್ತದೆ. ಎನ್‌ಪಿಎಸ್‌ನಲ್ಲಿರುವ ಹಣವನ್ನೂ ಈಕ್ವಿಟಿ ಎಷ್ಟು, ಬಾಂಡ್ ಎಷ್ಟು ಅಂತ ಒಡೆದು ಬರೆಯಿರಿ.

ಮೈಮೇಲೆ ಹಾಕಿಕೊಳ್ಳುವ ಒಡವೆ, ವಾಸದ ಮನೆ, ಆರು ತಿಂಗಳ ಖರ್ಚಿಗೆ ಅಂತ ಇಟ್ಟ ಹಣ ಇವು ಬೇಡ. ಒಡವೆಯನ್ನು ಯಾರೂ ಶೇ 2 ಜಾಸ್ತಿಯಾಯಿತು ಅಂತ ಮಾರುವುದಿಲ್ಲ.

ಮುಂದಿನ ಹಂತಗಳಿಗೆ ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಒಟ್ಟು 40 ಲಕ್ಷ. ಗುರಿ: ಈಕ್ವಿಟಿ ಶೇ 60, ಡೆಟ್ ಶೇ 30, ಚಿನ್ನ ಶೇ 10. ಈಗಿರುವುದು: ಈಕ್ವಿಟಿ 27.2 ಲಕ್ಷ, ಅಂದರೆ ಶೇ 68. ಡೆಟ್ 8.4 ಲಕ್ಷ, ಶೇ 21. ಚಿನ್ನ 4.4 ಲಕ್ಷ, ಶೇ 11. ಗುರಿಗೆ ಹೋಲಿಸಿದರೆ ಈಕ್ವಿಟಿ 3.2 ಲಕ್ಷ ಜಾಸ್ತಿ, ಡೆಟ್ 3.6 ಲಕ್ಷ ಕಡಿಮೆ.

ಹಂತ 2: ಎಷ್ಟು ತಪ್ಪಿದರೆ ಕೈ ಹಾಕಬೇಕು?

ವರ್ಷಕ್ಕೊಮ್ಮೆ ನೋಡಿ. ಗುರಿಯಿಂದ 5 ಅಂಶಕ್ಕಿಂತ ಜಾಸ್ತಿ ಸರಿದಿದ್ದರೆ ಮಾತ್ರ ಸರಿಪಡಿಸಿ. 60 ಇರಬೇಕಾದ್ದು 63 ಆಗಿದೆ ಅಂತ ಮಾರಿದರೆ ಸುಮ್ನೆ ಎಕ್ಸಿಟ್ ಲೋಡ್ (ಬೇಗ ಮಾರಿದ್ದಕ್ಕೆ ಫಂಡ್ ಹಿಡಿಯುವ ಶುಲ್ಕ), ತೆರಿಗೆ ಕಟ್ಟಿದ ಹಾಗೆ. ನಮ್ಮ ಉದಾಹರಣೆಯಲ್ಲಿ ಈಕ್ವಿಟಿ 8 ಅಂಶ ಮೇಲಿದೆ, ಡೆಟ್ 9 ಅಂಶ ಕೆಳಗಿದೆ. ಸರಿಪಡಿಸಬೇಕು. ಚಿನ್ನ ಒಂದೇ ಅಂಶ ಮೇಲಿದೆ, ಅದನ್ನು ಮುಟ್ಟುವುದು ಬೇಡ.

ಹಂತ 3: ಯಾವುದಕ್ಕೆ ಎಷ್ಟು ತೆರಿಗೆ

ಷೇರು ಮತ್ತು ಈಕ್ವಿಟಿ ಫಂಡ್: 12 ತಿಂಗಳು ದಾಟಿದ್ದರೆ ಲಾಂಗ್ ಟರ್ಮ್. ಒಂದು ಹಣಕಾಸು ವರ್ಷದಲ್ಲಿ ಮೊದಲ 1.25 ಲಕ್ಷ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ವರ್ಷದೊಳಗೆ ಮಾರಿದರೆ ಮೊದಲ ರೂಪಾಯಿಯಿಂದಲೇ ಶೇ 20. ಎರಡಕ್ಕೂ ಮೇಲೆ ಶೇ 4 ಸೆಸ್.

ಡೆಟ್ ಫಂಡ್: 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡದ್ದಾದರೆ ಎಷ್ಟು ವರ್ಷ ಇಟ್ಟುಕೊಂಡರೂ ಲಾಭಕ್ಕೆ ನಿಮ್ಮ ಸ್ಲ್ಯಾಬ್ ದರವೇ (ನಿಮ್ಮ ಆದಾಯಕ್ಕೆ ಬೀಳುವ ತೆರಿಗೆ ದರ). ಅದಕ್ಕಿಂತ ಮುಂಚೆ ಕೊಂಡು 24 ತಿಂಗಳು ದಾಟಿದ್ದರೆ ಶೇ 12.5. ಹೀಗಾಗಿ ಹಳೆಯ ಡೆಟ್ ಯೂನಿಟ್‌ಗಳು ಕೈಯಲ್ಲಿದ್ದರೆ ಅವಕ್ಕೆ ಬೆಲೆ ಇದೆ. ಸುಮ್ಮಸುಮ್ಮನೆ ಮಾರಿ ಹೊಸ ಫಂಡಿಗೆ ಹೋಗಬೇಡಿ.

ಚಿನ್ನದ ಇಟಿಎಫ್: 12 ತಿಂಗಳಾದ ಮೇಲೆ ಶೇ 12.5. ಚಿನ್ನದ ಮ್ಯೂಚುವಲ್ ಫಂಡ್ ಮತ್ತು ನಾಣ್ಯಕ್ಕೆ 24 ತಿಂಗಳು. 1.25 ಲಕ್ಷದ ವಿನಾಯಿತಿ ಈಕ್ವಿಟಿಗೆ ಮಾತ್ರ. ಚಿನ್ನಕ್ಕೆ, ಡೆಟ್‌ಗೆ ಇಲ್ಲ.

ಇನ್ನೊಂದು ಮಾತು. ಒಂದೇ ಕಂಪನಿಯ ಒಂದು ಸ್ಕೀಮಿನಿಂದ ಇನ್ನೊಂದಕ್ಕೆ ಸ್ವಿಚ್ ಮಾಡಿದರೂ ಅದು ಮಾರಾಟವೇ. ರೆಗ್ಯುಲರ್‌ನಿಂದ (ಏಜೆಂಟ್ ಮೂಲಕ ಕೊಂಡದ್ದು) ಡೈರೆಕ್ಟ್‌ಗೆ (ನೇರ ಕೊಳ್ಳುವುದು) ಹೋದರೂ ಅಷ್ಟೇ, ಎಸ್‌ಟಿಪಿ (ಕಂತುಕಂತಾಗಿ ಫಂಡ್ ಬದಲಿಸುವುದು) ಹಾಕಿದರೂ ಅಷ್ಟೇ. ಹಣ ನಮ್ಮ ಬ್ಯಾಂಕಿಗೆ ಬರಲೇ ಇಲ್ಲವಲ್ಲ ಅನ್ನುವ ವಾದವನ್ನು ಆದಾಯ ತೆರಿಗೆ ಇಲಾಖೆ ಒಪ್ಪುವುದಿಲ್ಲ.

ಹಂತ 4: ತೆರಿಗೆ ಇಲ್ಲದ ಜಾಗದಲ್ಲಿ ಮೊದಲು ಸರಿಪಡಿಸಿ

ಎನ್‌ಪಿಎಸ್ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಅದರೊಳಗೆ ಈಕ್ವಿಟಿಯಿಂದ ಸರ್ಕಾರಿ ಬಾಂಡಿಗೆ ಹಣ ಸರಿಸಿದರೆ ಒಂದು ರೂಪಾಯಿ ತೆರಿಗೆ ಇಲ್ಲ. ಹಂಚಿಕೆಯನ್ನು ನೀವೇ ಆರಿಸುವ ಆಕ್ಟಿವ್ ಚಾಯ್ಸ್‌ನಲ್ಲಿ ವರ್ಷಕ್ಕೆ ನಾಲ್ಕು ಸಲ ಅದನ್ನು ಬದಲಿಸಬಹುದು. ನಮ್ಮ ಉದಾಹರಣೆಯವರಿಗೆ ಎನ್‌ಪಿಎಸ್‌ನಲ್ಲಿ 5 ಲಕ್ಷ ಇದೆ, ಅದರಲ್ಲಿ ಶೇ 75 ಈಕ್ವಿಟಿ ಅಂದುಕೊಳ್ಳಿ. ಅದನ್ನು ಶೇ 25ಕ್ಕೆ ಇಳಿಸಿದರೆ 2.5 ಲಕ್ಷ ಈಕ್ವಿಟಿಯಿಂದ ಡೆಟ್‌ಗೆ ಹೋಯಿತು. ಒಟ್ಟು ಈಕ್ವಿಟಿ ಶೇ 68ರಿಂದ ಶೇ 62ರ ಹತ್ತಿರ ಬಂತು. ಕಂಪ್ಯೂಟರ್ ಮುಂದೆ ಹತ್ತು ನಿಮಿಷದ ಕೆಲಸ.

ಇದರಲ್ಲಿ ಗಮನಿಸಬೇಕಾದ್ದು ಎರಡು. ಹಂಚಿಕೆ ಬದಲಿಸಿದರೆ ಮುಂದೆ ಕಟ್ಟುವ ಹಣವೂ ಅದೇ ಪ್ರಕಾರ ಹೋಗುತ್ತದೆ. ಜೊತೆಗೆ, ಎನ್‌ಪಿಎಸ್ ಹಣ ನಿವೃತ್ತಿವರೆಗೆ ಬಹುತೇಕ ಬೀಗ ಹಾಕಿದ ಹಣ. ನಿಮ್ಮ ಡೆಟ್ ಎಲ್ಲಾ ಅಲ್ಲಿ, ಕೈಗೆ ಸಿಗುವುದೆಲ್ಲಾ ಈಕ್ವಿಟಿ ಅಂತಾದರೆ ಮಗಳ ಕಾಲೇಜು ಫೀಸಿನ ಸಮಯಕ್ಕೆ ಕಷ್ಟವಾಗುತ್ತದೆ. ಐದು ವರ್ಷದೊಳಗೆ ಬೇಕಾಗುವ ಹಣ ಎನ್‌ಪಿಎಸ್ ಹೊರಗೇ ಇರಲಿ.

ಎರಡನೆಯ ದಾರಿ ಹೊಸ ಹಣ. ನನ್ನ ಪ್ರಕಾರ ದುಡಿಯುವ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಎನ್‌ಪಿಎಸ್ ಇಲ್ಲ ಅಂತಲೇ ಇಟ್ಟುಕೊಂಡು, ತಿಂಗಳಿಗೆ 30,000 ಈಕ್ವಿಟಿ ಎಸ್‌ಐಪಿ ಹೋಗುತ್ತಿದೆ ಅಂತ ಲೆಕ್ಕ ಹಾಕೋಣ. ಒಂದು ವರ್ಷ ಅದನ್ನು ಪೂರ್ತಿ ಡೆಟ್‌ಗೆ ತಿರುಗಿಸಿದರೆ 3.6 ಲಕ್ಷ. ಮಾರುಕಟ್ಟೆ ಇದ್ದ ಹಾಗೇ ಇದ್ದರೆ ವರ್ಷದ ಕೊನೆಗೆ ಒಟ್ಟು 43.6 ಲಕ್ಷದಲ್ಲಿ ಈಕ್ವಿಟಿ ಶೇ 62.4, ಡೆಟ್ ಶೇ 27.5, ಚಿನ್ನ ಶೇ 10.1. ಏನೂ ಮಾರಲಿಲ್ಲ, ಏನೂ ಕಟ್ಟಲಿಲ್ಲ. ಏಳನೇ ತಿಂಗಳಿಗೇ ಈಕ್ವಿಟಿ 65ರ ಒಳಗೆ ಬಂದಿರುತ್ತದೆ.

ಬೋನಸ್, ಮೆಚ್ಯೂರ್ ಆದ ಎಫ್‌ಡಿ, ಷೇರುಗಳ ಡಿವಿಡೆಂಡ್ ಎಲ್ಲವೂ ಇದೇ ಕೆಲಸಕ್ಕೆ ಬರುತ್ತವೆ. ಪಿಪಿಎಫ್‌ನಲ್ಲಿ ವರ್ಷದ 1.5 ಲಕ್ಷ ಮಿತಿ ತುಂಬಿಲ್ಲದಿದ್ದರೆ ಡೆಟ್‌ನ ಪಾಲನ್ನು ಅಲ್ಲೇ ತುಂಬಿ, ಬಡ್ಡಿಗೆ ತೆರಿಗೆ ಇಲ್ಲ. ಶೇ 30ರ ಸ್ಲ್ಯಾಬ್‌ನಲ್ಲಿರುವವರು ಆರ್ಬಿಟ್ರಾಜ್ ಫಂಡನ್ನೂ (ಒಂದೇ ಷೇರಿಗೆ ಎರಡು ಮಾರುಕಟ್ಟೆಯಲ್ಲಿರುವ ಬೆಲೆ ವ್ಯತ್ಯಾಸದಿಂದ ಗಳಿಸುವ ಫಂಡ್) ನೋಡಬಹುದು. ಅದರ ಏರಿಳಿತ ಕಡಿಮೆ, ತೆರಿಗೆ ಮಾತ್ರ ಈಕ್ವಿಟಿಯ ಲೆಕ್ಕದಲ್ಲಿ. ಮುಂದೆ ವಾಪಸ್ ಈಕ್ವಿಟಿಗೆ ಹೋಗಬೇಕಾದಾಗ ಇದು ಕೈ ಹಿಡಿಯುತ್ತದೆ.

ನಿವೃತ್ತರಿಗೆ ಹೊಸ ಹಣ ಇರುವುದಿಲ್ಲ. ಅವರು ತಿಂಗಳ ಖರ್ಚಿಗೆ ತೆಗೆಯುವ ಹಣವನ್ನು ಜಾಸ್ತಿಯಾಗಿರುವ ಕಡೆಯಿಂದಲೇ ತೆಗೆದರೆ ಆಯಿತು.

ಹಂತ 5: ಮಾರಲೇಬೇಕಾದರೆ ಯಾವುದನ್ನು?

ಪೋರ್ಟ್‌ಫೋಲಿಯೋ ದೊಡ್ಡದಾದ ಹಾಗೆ ಎಸ್‌ಐಪಿ ತಿರುಗಿಸುವುದರಿಂದ ಮಾತ್ರ ಸಾಲುವುದಿಲ್ಲ. ಎರಡು ಕೋಟಿ ಇರುವವರಿಗೆ 30,000 ಏನೂ ಅಲ್ಲ. ಆಗ ಮಾರಬೇಕು. ಇಲ್ಲಿ ಬಹಳ ಜನ ಎಡವುವುದು ಫಿಫೋ ನಿಯಮದಲ್ಲಿ. ಮೊದಲು ಕೊಂಡದ್ದು ಮೊದಲು ಮಾರಾಟವಾಯಿತು ಅಂತಲೇ ಲೆಕ್ಕ. ಫಂಡುಗಳಲ್ಲಿ ಫೋಲಿಯೋವಾರು, ಡಿಮ್ಯಾಟ್‌ನಲ್ಲಿ ಅಕೌಂಟ್‌ವಾರು.

ಹತ್ತಿರದಿಂದ ನೋಡಿ. ಒಂದು ಫಂಡಿನಲ್ಲಿ 2019ರಲ್ಲಿ 40 ರೂಪಾಯಿ ಎನ್‌ಎವಿಗೆ (ಒಂದು ಯೂನಿಟ್‌ನ ಬೆಲೆ) 1,000 ಯೂನಿಟ್ ಕೊಂಡಿರಿ. 2022ರಲ್ಲಿ 70ಕ್ಕೆ ಇನ್ನೊಂದು 1,000. ಎಂಟು ತಿಂಗಳ ಹಿಂದೆ 95ಕ್ಕೆ ಮತ್ತೆ 1,000. ಈಗ ಎನ್‌ಎವಿ 100. ಒಂದು ಲಕ್ಷ ಬೇಕು ಅಂತ 1,000 ಯೂನಿಟ್ ಮಾರುತ್ತೀರಿ. ಮೊನ್ನೆ ಮೊನ್ನೆ ಕೊಂಡದ್ದನ್ನೇ ಮಾರಿದೆ, ಲಾಭ ಬರೀ 5,000 ಅಂತ ನೀವು ಹೇಳಿದರೆ ನಡೆಯುವುದಿಲ್ಲ. ಮಾರಾಟವಾಗಿದ್ದು 2019ರ ಯೂನಿಟ್, ಲಾಭ 60,000. ಅದೇ ಹೊತ್ತಿಗೆ 2023ರಲ್ಲಿ 80ಕ್ಕೆ ಕೊಂಡು ಈಗ 100 ಆಗಿರುವ ಇನ್ನೊಂದು ಫಂಡ್ ನಿಮ್ಮಲ್ಲಿದ್ದರೆ, ಅಲ್ಲಿ ಒಂದು ಲಕ್ಷ ಮಾರಿದರೆ ಲಾಭ 20,000 ಮಾತ್ರ.

ಹಾಗಾಗಿ ಪ್ರತಿ ಫೋಲಿಯೋ ಮುಂದೆ ಒಂದೇ ಒಂದು ಸಂಖ್ಯೆ ಬರೆಯಿರಿ: ಇಲ್ಲಿಂದ 100 ರೂಪಾಯಿ ಮಾರಿದರೆ ಅದರಲ್ಲಿ ಲಾಭ ಎಷ್ಟು? ಮೊದಲ ಫಂಡಿಗೆ 60, ಎರಡನೆಯದಕ್ಕೆ 20. ಅದೇ ಬೆಲೆಯ ಯೂನಿಟ್ ಸಾಕಷ್ಟಿದ್ದರೆ, 1.25 ಲಕ್ಷ ಲಾಭದ ಮಿತಿಯೊಳಗೆ ಮೊದಲನೆಯದರಿಂದ ಸುಮಾರು 2.08 ಲಕ್ಷ ತೆಗೆಯಬಹುದು. ಎರಡನೆಯದರಿಂದ 6.25 ಲಕ್ಷ ತೆಗೆಯಬಹುದು. ಎರಡೂ ಕಡೆ ತೆರಿಗೆ ಸೊನ್ನೆ.

ಆದರೆ ಈ ಸಂಖ್ಯೆಗೇ ಜೋತುಬೀಳಬೇಡಿ. ಲಾಭ ಜಾಸ್ತಿ ಇರುವ ಫಂಡ್ ಈಗ ಹದಗೆಟ್ಟಿದೆ, ಬಿಟ್ಟುಬಿಡಬೇಕು ಅಂತ ನಿಮಗೆ ಖಾತ್ರಿಯಿದ್ದರೆ ಅದನ್ನೇ ಮಾರಿ. ತೆರಿಗೆ ಉಳಿಸಲು ಒಳ್ಳೆಯ ಫಂಡ್ ಮಾರಿ ಕೆಟ್ಟದ್ದನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ವರ್ಷ ತುಂಬದ ಯೂನಿಟ್‌ಗಳನ್ನು ಮುಟ್ಟಬೇಡಿ. ಶೇ 20 ತೆರಿಗೆಯ ಜೊತೆಗೆ ಬಹಳಷ್ಟು ಈಕ್ವಿಟಿ ಫಂಡುಗಳು ವರ್ಷದೊಳಗೆ ಶೇ 1 ಎಕ್ಸಿಟ್ ಲೋಡ್ ಹಿಡಿಯುತ್ತವೆ. ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡಿನಲ್ಲಿ ಪ್ರತಿ ಕಂತಿಗೂ ಬೇರೆ ಬೇರೆ ಮೂರು ವರ್ಷದ ಲಾಕ್-ಇನ್ ಅನ್ನುವುದೂ ನೆನಪಿರಲಿ.

ಹಂತ 6: ಮಾರ್ಚ್ ಒಂದಿಷ್ಟು, ಏಪ್ರಿಲ್ ಒಂದಿಷ್ಟು

ನಮ್ಮ ಉದಾಹರಣೆಯವರು 3.2 ಲಕ್ಷದ ಈಕ್ವಿಟಿ ಮಾರಲೇಬೇಕು ಅಂತ ಇಟ್ಟುಕೊಳ್ಳಿ. 100 ರೂಪಾಯಿಗೆ 45 ಲಾಭವಿರುವ ಹಳೆಯ ಯೂನಿಟ್‌ಗಳು. ಒಟ್ಟು ಲಾಭ 1.44 ಲಕ್ಷ. ಒಂದೇ ದಿನ ಮಾರಿದರೆ 1.25 ಲಕ್ಷ ಕಳೆದು ಉಳಿದ 19,000ಕ್ಕೆ ಶೇ 12.5, ಸೆಸ್ ಸೇರಿ 2,470 ರೂಪಾಯಿ. ಇಷ್ಟೇ. ಈ 2,470ಕ್ಕೆ ಹೆದರಿ ವರ್ಷಗಟ್ಟಲೆ ಶೇ 68 ಈಕ್ವಿಟಿಯಲ್ಲಿ ಕೂರುವವರಿದ್ದಾರೆ ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಅದನ್ನೂ ಉಳಿಸಬಹುದು. ಮಾರ್ಚ್‌ನಲ್ಲಿ 2.7 ಲಕ್ಷ ಮಾರಿ. ಲಾಭ 1,21,500, ಮಿತಿಯೊಳಗೆ. ಏಪ್ರಿಲ್‌ನಲ್ಲಿ ಉಳಿದ 50,000 ಮಾರಿ. ಲಾಭ 22,500, ಹೊಸ ವರ್ಷದ ಮಿತಿಯೊಳಗೆ. ತೆರಿಗೆ ಸೊನ್ನೆ.

ಅದೇ 3.2 ಲಕ್ಷವನ್ನು ವರ್ಷ ತುಂಬದ, ಶೇ 20 ಏರಿದ ಫಂಡಿನಿಂದ ತೆಗೆದಿದ್ದರೆ? ತೆರಿಗೆ, ಎಕ್ಸಿಟ್ ಲೋಡ್ ಎರಡೂ ಸೇರಿ 13,000ಕ್ಕೂ ಜಾಸ್ತಿ.

ಮಾರ್ಚ್ ಕೊನೆಯ ದಿನದವರೆಗೆ ಕಾಯಬೇಡಿ. ಮಧ್ಯಾಹ್ನ ಮೂರು ಗಂಟೆಯ ಕಟ್-ಆಫ್ ತಪ್ಪಿದರೆ ಮರುದಿನದ ಎನ್‌ಎವಿ ಸಿಗುತ್ತದೆ. ಮಾರ್ಚ್ ಕೊನೆಯಲ್ಲಿ ಆ ಮರುದಿನ ಬೇರೆ ಹಣಕಾಸು ವರ್ಷವಾಗಿಬಿಡಬಹುದು. ಎರಡನೇ ವಾರದಲ್ಲೇ ಮುಗಿಸಿಬಿಡಿ.

ರೀಬ್ಯಾಲೆನ್ಸ್ ಅಗತ್ಯ ಇಲ್ಲದ ವರ್ಷದಲ್ಲೂ 1.25 ಲಕ್ಷದ ಮಿತಿ ವ್ಯರ್ಥ ಮಾಡಬೇಕಿಲ್ಲ. ಅಷ್ಟು ಲಾಭ ಬರುವಷ್ಟು ಮಾರಿ ಮತ್ತೆ ಕೊಂಡುಕೊಂಡರೆ ನಿಮ್ಮ ಖರೀದಿ ಬೆಲೆ ಏರುತ್ತದೆ. ಮುಂದೆ ಕಟ್ಟಬೇಕಾದ 16,250 ರೂಪಾಯಿವರೆಗಿನ ತೆರಿಗೆ ಉಳಿಯುತ್ತದೆ. ಬಳಸದ ಮಿತಿ ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಹೊಸದಾಗಿ ಕೊಂಡ ಯೂನಿಟ್‌ಗೆ 12 ತಿಂಗಳ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹತ್ತಿರದಲ್ಲೇ ಹಣ ಬೇಕಿದ್ದರೆ ಇದನ್ನು ಮಾಡಬೇಡಿ.

ಚಿನ್ನದ ಪಾಲು ಜಾಸ್ತಿಯಾದರೆ

ಸಾವರಿನ್ ಗೋಲ್ಡ್ ಬಾಂಡ್ (ಸರ್ಕಾರದ ಚಿನ್ನದ ಬಾಂಡ್) ಇದ್ದರೆ ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಇಶ್ಯೂ ಬಂದಾಗಲೇ ಕೊಂಡು ಎಂಟು ವರ್ಷ ಪೂರ್ತಿ ಇಟ್ಟುಕೊಂಡವರಿಗೆ ಲಾಭಕ್ಕೆ ತೆರಿಗೆ ಇಲ್ಲ, ಮೇಲೆ ವರ್ಷಕ್ಕೆ ಶೇ 2.5 ಬಡ್ಡಿ. ಬಡ್ಡಿಗೆ ಮಾತ್ರ ಸ್ಲ್ಯಾಬ್ ಪ್ರಕಾರ ತೆರಿಗೆ. ಎಕ್ಸ್‌ಚೇಂಜ್‌ನಲ್ಲಿ ಮಧ್ಯದಲ್ಲೇ ಮಾರಿದರೆ ಲಾಭದ ವಿನಾಯಿತಿ ಹೋಗುತ್ತದೆ. ಸರ್ಕಾರ ಕೊನೆಯ ಕಂತು ಬಿಟ್ಟಿದ್ದು 2024ರ ಫೆಬ್ರವರಿಯಲ್ಲಿ. ಮಾರಿದ ಮೇಲೆ ಅದೇ ಸೌಲಭ್ಯದಲ್ಲಿ ಮತ್ತೆ ಕೊಳ್ಳಲು ಆಗುವುದಿಲ್ಲ. ಚಿನ್ನ ತಗ್ಗಿಸಲೇಬೇಕಾದರೆ ವರ್ಷ ದಾಟಿದ ಇಟಿಎಫ್‌ನಿಂದ ತಗ್ಗಿಸಿ. ಇನ್ನೂ ಸುಲಭದ ದಾರಿ ಚಿನ್ನಕ್ಕೆ ಹೊಸ ಹಣ ಹಾಕುವುದನ್ನು ನಿಲ್ಲಿಸುವುದು.

ಐಟಿಯವರ ಆರ್‌ಎಸ್‌ಯು

ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳಿಗೆ ಕೆಲಸ ಮಾಡುವವರ ದೊಡ್ಡ ಅಸಮತೋಲನ ಹೆಚ್ಚಾಗಿ ಆರ್‌ಎಸ್‌ಯುನಲ್ಲೇ, ಅಂದರೆ ಸಂಬಳದ ಭಾಗವಾಗಿ ಕಂಪನಿ ಕೊಡುವ ತನ್ನದೇ ಷೇರುಗಳಲ್ಲಿ. ಸಂಬಳವೂ ಅದೇ ಕಂಪನಿಯಿಂದ, ಉಳಿತಾಯವೂ ಅದೇ ಕಂಪನಿಯಲ್ಲಿ. ಲೇಆಫ್ ಬರುವ ಕಾಲಕ್ಕೇ ಷೇರೂ ಬಿದ್ದಿರುವ ಸಾಧ್ಯತೆ ಜಾಸ್ತಿ.

ಷೇರು ವೆಸ್ಟ್ ಆದ (ನಿಮ್ಮ ಹೆಸರಿಗೆ ಬಂದ) ದಿನವೇ ಅದರ ಪೂರ್ತಿ ಬೆಲೆ ಸಂಬಳಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಕಡಿತವಾಗಿರುತ್ತದೆ. ಆ ದಿನದ ಬೆಲೆಯೇ ನಿಮ್ಮ ಖರೀದಿ ಬೆಲೆ. ಆದ್ದರಿಂದ ವೆಸ್ಟ್ ಆದ ಕೂಡಲೇ ಮಾರಿದರೆ ಬಂಡವಾಳ ಲಾಭ ಹೆಚ್ಚುಕಡಿಮೆ ಸೊನ್ನೆ. ಕಾದು ಬೆಲೆ ಏರಿದ ಮೇಲೆ 24 ತಿಂಗಳೊಳಗೆ ಮಾರಿದರೆ ಲಾಭಕ್ಕೆ ಸ್ಲ್ಯಾಬ್ ದರ, ಆಮೇಲಾದರೆ ಶೇ 12.5. ಇಲ್ಲೂ 1.25 ಲಕ್ಷದ ವಿನಾಯಿತಿ ಇಲ್ಲ. ಪ್ರತಿ ವೆಸ್ಟಿಂಗ್‌ನಲ್ಲೂ ನಿಮ್ಮನ್ನೇ ಕೇಳಿಕೊಳ್ಳಿ: ಇಷ್ಟೇ ನಗದು ಬೋನಸ್ ಬಂದಿದ್ದರೆ ಈ ಷೇರು ಕೊಳ್ಳುತ್ತಿದ್ದೆನಾ? ಇಲ್ಲ ಅಂದರೆ ಅವತ್ತೇ ಮಾರಿ. ಮಾರದೆ ಉಳಿಸಿಕೊಂಡದ್ದನ್ನು ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎನಲ್ಲಿ ತೋರಿಸಲು ಮರೆಯಬೇಡಿ.

ಮಾರುಕಟ್ಟೆ ಬಿದ್ದಾಗ ಲೆಕ್ಕ ತಿರುಗುತ್ತದೆ

ಈಗ ಡೆಟ್‌ನಿಂದ ತೆಗೆದು ಈಕ್ವಿಟಿಗೆ ಹಾಕಬೇಕು. ಡೆಟ್ ಫಂಡ್ ಲಾಭಕ್ಕೆ ಸ್ಲ್ಯಾಬ್ ದರವಾದ್ದರಿಂದ ಮೆಚ್ಯೂರ್ ಆದ ಎಫ್‌ಡಿ, ವರ್ಷ ದಾಟಿದ ಆರ್ಬಿಟ್ರಾಜ್ ಫಂಡ್, ಇತ್ತೀಚೆಗಷ್ಟೇ ಕೊಂಡ ಡೆಟ್ ಫಂಡ್ ಇವುಗಳಿಂದ ಶುರು ಮಾಡಿ. ಹೊಸ ಫಂಡಿನಲ್ಲಿ ಲಾಭವೇ ಕಡಿಮೆ ಇರುವುದರಿಂದ ತೆರಿಗೆಯೂ ಕಡಿಮೆ.

ಬಿದ್ದ ಮಾರುಕಟ್ಟೆಯಲ್ಲಿ ನಷ್ಟದಲ್ಲಿರುವ ಫಂಡುಗಳೂ ಸಿಗುತ್ತವೆ. ಒಂದು ಕಂಪನಿಯ ನಿಫ್ಟಿ ಇಂಡೆಕ್ಸ್ ಫಂಡ್ ಮಾರಿ ಇನ್ನೊಂದು ಕಂಪನಿಯದ್ದನ್ನು ಕೊಂಡರೆ ಈಕ್ವಿಟಿ ಪಾಲು ಹಾಗೇ ಉಳಿದು, ನಷ್ಟ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಖಾತೆಗಳಲ್ಲಿ ಹೀಗೆ ಮಾಡುವಾಗ ಎಚ್ಚರ. ಮಾರಾಟದ ಹಿಂದೆ ಮುಂದೆ 30 ದಿನದೊಳಗೆ ಅದೇ ಹೂಡಿಕೆ ಕೊಂಡರೆ ಆ ನಷ್ಟವನ್ನು ಅಲ್ಲಿ ಆಗಲೇ ಕಳೆಯಲು ಬಿಡುವುದಿಲ್ಲ.

ಶಾರ್ಟ್ ಟರ್ಮ್ ನಷ್ಟವನ್ನು ಎರಡೂ ಬಗೆಯ ಲಾಭದಿಂದ ಕಳೆಯಬಹುದು. ಲಾಂಗ್ ಟರ್ಮ್ ನಷ್ಟವನ್ನು ಲಾಂಗ್ ಟರ್ಮ್ ಲಾಭದಿಂದ ಮಾತ್ರ. ಇಲ್ಲಿ ಒಂದು ಸೂಕ್ಷ್ಮ ಇದೆ. ನಷ್ಟ ಕಳೆಯುವುದು ಮೊದಲು, 1.25 ಲಕ್ಷದ ವಿನಾಯಿತಿ ಆಮೇಲೆ. ಈ ವರ್ಷದ ಲಾಂಗ್ ಟರ್ಮ್ ಲಾಭ ಒಂದು ಲಕ್ಷ ಮಾತ್ರ ಇದ್ದು, ಬೇರೆ ಬಂಡವಾಳ ಲಾಭವೂ ಇಲ್ಲದಿದ್ದರೆ ಅದು ಹೇಗೂ ತೆರಿಗೆಮುಕ್ತ. ಆಗ 80,000 ನಷ್ಟ ಬುಕ್ ಮಾಡಿದರೆ (ನಷ್ಟಕ್ಕೆ ಮಾರಿದರೆ) ಆ ನಷ್ಟ ಸುಮ್ನೆ ಕರಗಿಹೋಗುತ್ತದೆ. ಅಂಥ ವರ್ಷದಲ್ಲಿ ನಷ್ಟ ಬುಕ್ ಮಾಡಬೇಡಿ.

ಮನೆಯವರ ಹೆಸರಿನಲ್ಲಿ

ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ 1.25 ಲಕ್ಷದ ಮಿತಿ ಇದೆ. ಆದರೆ ನಿಮ್ಮ ಹಣವನ್ನು ಹೆಂಡತಿಯ ಹೆಸರಿನಲ್ಲಿ ಹಾಕಿದರೆ ಲಾಭ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಸೊಸೆಗೆ ಕೊಟ್ಟರೂ ಅಷ್ಟೇ. ಅಪ್ಪ ಅಮ್ಮನಿಗೆ ಕೊಟ್ಟದ್ದಕ್ಕೆ ಈ ನಿಯಮ ಇಲ್ಲ. ಬೇರೆ ಆದಾಯ ಇಲ್ಲದ ತಾಯಿಗೆ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದ ಮೂಲ ವಿನಾಯಿತಿ, ಅದರ ಜೊತೆ ಈಕ್ವಿಟಿಯ 1.25 ಲಕ್ಷ ಎರಡೂ ಸಿಗುತ್ತವೆ. ಆದರೆ ಕೊಟ್ಟ ಮೇಲೆ ಆ ಹಣ ನಿಜವಾಗಿ ಅವರದ್ದೇ. ನಾಳೆ ವಿಲ್ ಇಲ್ಲದೆ ಹೋದರೆ ಅಣ್ಣತಮ್ಮ, ಅಕ್ಕತಂಗಿಯರಿಗೂ ಪಾಲು ಬರುತ್ತದೆ. ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಮಾಡಿ.

ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವುದನ್ನು ನಂಬಿ ಷೇರು ಮಾರುವವರಿದ್ದಾರೆ. ಆ ರಿಬೇಟ್ ಶೇ 12.5, ಶೇ 20ರ ಬಂಡವಾಳ ಲಾಭಕ್ಕೆ ಸಿಗುವುದಿಲ್ಲ.

ಕೊನೆಯ ಹಂತ: ಕಟ್ಟುವುದು, ತೋರಿಸುವುದು

ಟಿಡಿಎಸ್ ಕಳೆದು ಕಟ್ಟಬೇಕಾದ ತೆರಿಗೆ 10,000 ಅಥವಾ ಮೇಲಿದ್ದರೆ ಅಡ್ವಾನ್ಸ್ ಟ್ಯಾಕ್ಸ್ ಬರುತ್ತದೆ. ಲಾಭ ಬಂದ ಮೇಲಿನ ಕಂತುಗಳಲ್ಲಿ, ಅಂದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಪೈಕಿ ಉಳಿದವುಗಳಲ್ಲಿ ಕಟ್ಟಿ. ಮಾರ್ಚ್ 15ರ ನಂತರ ಮಾರಿದ್ದರೆ ಮಾರ್ಚ್ 31ರೊಳಗೆ. ವ್ಯಾಪಾರದ ಆದಾಯ ಇಲ್ಲದ 60 ದಾಟಿದವರಿಗೆ ಇದು ಬೇಡ.

ರಿಟರ್ನ್ ತುಂಬುವ ಮುಂಚೆ ಕ್ಯಾಮ್ಸ್, ಕೆಫಿನ್‌ಟೆಕ್ ಮತ್ತು ಬ್ರೋಕರ್‌ನಿಂದ ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ಇಳಿಸಿಕೊಂಡು ತೆರಿಗೆ ಇಲಾಖೆಯ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ಜೊತೆ ತಾಳೆ ನೋಡಿ. 2018ರ ಜನವರಿ 31ಕ್ಕಿಂತ ಮುಂಚಿನ ಈಕ್ವಿಟಿ ಇದ್ದರೆ ಆ ದಿನದ ಬೆಲೆಯನ್ನು ಖರೀದಿ ಬೆಲೆಯಾಗಿ ಹಿಡಿಯುವ ಸೌಲಭ್ಯ ಇದೆ. ಸ್ಟೇಟ್‌ಮೆಂಟ್‌ನಲ್ಲಿ ಅದು ಬಂದಿದೆಯಾ ಅಂತ ಪರೀಕ್ಷಿಸಿ. ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ. ಗಡುವು ದಾಟಿ ಒಂದೇ ದಿನ ತಡವಾದರೂ ಆ ವರ್ಷದ ನಷ್ಟವನ್ನು ಮುಂದಕ್ಕೆ ಒಯ್ಯಲು ಬರುವುದಿಲ್ಲ.